ಮೊರದಗಲದ ಕಣ

ಬಂದರಿನ ಕಟ್ಟೆ

ಪರದೇಶಕ್ಕೆ ಹೋಗಿ ಬಂದವರು ಕಟ್ಟಡಗಳ ಎತ್ತರ, ರಸ್ತೆಗಳ ಅಗಲ ಹೇಳುತ್ತಾರೆ. ನನ್ನ ಹತ್ತಿರ ಹೇಳಲು ಇರುವುದು ಒಂದು ಮೊರದಷ್ಟಗಲದ ನೆಲ, ಅದರ ಮೇಲೆ ಕುಣಿಯುವ, ಗುಬ್ಬಿಗಿಂತ ಸಣ್ಣದಾದ ಒಂದು ಹಕ್ಕಿ. ಕೇಳುವ ವ್ಯವಧಾನ ಇದ್ದವರು ಕೂತುಕೊಳ್ಳಿ. ಇಲ್ಲದವರಿಗೆ ನನ್ನ ಒತ್ತಾಯವೇನೂ ಇಲ್ಲ.

ನನ್ನ ಹೆಸರು ಬಸಣ್ಣ. ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮಿಸ್ತ್ರಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಲ್ಲಿ ಹೊಸ ಗಿರಣಿ ಕೂರಿಸಿದರೂ ನೆಲ ಅಳೆಯಲು, ಮಟ್ಟ ನೋಡಲು ನನಗೇ ಹೇಳಿ ಕಳಿಸುತ್ತಿದ್ದರು. ಬಸಣ್ಣ ಹಗ್ಗ ಹಿಡಿದು ಗೂಟ ಬಡಿದ ಮೇಲೆ ಮತ್ತೆ ಯಾರೂ ಅಳೆಯುತ್ತಿರಲಿಲ್ಲ. ಚಿಕ್ಕೇರೂರಿನಲ್ಲಿ ಒಬ್ಬ ಗೌಡರು ಮಗಳ ಮದುವೆಯ ಚಪ್ಪರಕ್ಕೂ ನನ್ನನ್ನು ಕರೆಸಿ ಅಳೆಸಿದ್ದರು. ಆಗ ನನ್ನ ಮೀಸೆ ತಾನಾಗಿಯೇ ಮೇಲಕ್ಕೇರಿತ್ತು, ಸುಳ್ಳು ಯಾಕೆ ಹೇಳಲಿ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮುಂಬಯಿಯ ಒಬ್ಬ ವ್ಯಾಪಾರಿ ಟ್ರಿನಿಡಾಡ್ ಎಂಬ ನಡುಗಡ್ಡೆಯ ಗಿರಣಿಯೊಂದಕ್ಕೆ ಯಂತ್ರ ಮಾರಿದ್ದ. ಕೂರಿಸಿಕೊಡಲು ಜನ ಬೇಕಾಗಿ ನಮ್ಮ ಸಾವಕಾರರನ್ನು ಕೇಳಿದ. ಸಾವಕಾರರು ನನ್ನನ್ನೂ, ಎಂಜಿನ್ ನೋಡಿಕೊಳ್ಳುತ್ತಿದ್ದ ಹುಲಗೂರಿನ ಖಾದರನನ್ನೂ ಹೊರಡಿಸಿದರು. ಖಾದರನ ಮನೆಮಾತು ಉರ್ದು, ಆದ್ದರಿಂದ ಅಲ್ಲಿಯ ಹಿಂದಿ ಅವನಿಗೆ ಸಲೀಸು. ನನಗೆ ಸವಣೂರ ಸಂತೆಯಲ್ಲಿ ಕಲಿತಷ್ಟು ಬರುತ್ತಿತ್ತು. ಅಲ್ಲಿಯವರು ಆಡಿದ್ದು ನನ್ನ ಕಿವಿಗೆ ನಮ್ಮ ಕಡೆಯ ಮಾತಾಗಿಯೇ ಕೇಳಿತು. ಹಾಗೆಯೇ ಬರೆಯುತ್ತೇನೆ.

ಹಡಗು ಇಳಿದ ಕೂಡಲೇ ಫಜೀತಿ. ಸುಂಕದ ಅಧಿಕಾರಿ ನನ್ನ ಗಂಟು ಬಿಚ್ಚಿ ಜೋಳದ ಕಟಕ ರೊಟ್ಟಿಯ ಥಪ್ಪಿ ಹೊರಗೆ ತೆಗೆದ. ಮೇಜಿಗೆ ಕುಟ್ಟಿದ, ಬೆಳಕಿಗೆ ಹಿಡಿದ, ಮೂಸಿದ. ಇದು ತಿನ್ನುವ ವಸ್ತು ಎಂದು ಎಷ್ಟು ಹೇಳಿದರೂ ನಂಬಲೊಲ್ಲ. ಕೊನೆಗೆ ಖಾದರ ಒಂದನ್ನು ಲಟ್ಟನೆ ಮುರಿದು ಶೇಂಗಾ ಚಟ್ನಿಪುಡಿಯೊಂದಿಗೆ ತಾನೂ ತಿಂದು ಅವನ ಕೈಗೂ ಕೊಟ್ಟ. ಪಾಪ, ಮನುಷ್ಯ ಎರಡು ಲೋಟ ನೀರು ಕುಡಿದು ಕಣ್ಣೊರೆಸಿಕೊಂಡು ನಮ್ಮನ್ನು ಬಿಟ್ಟ.

ಗುಡ್ಡದ ಬುಡದ ಮನೆ

ಗಿರಣಿಯ ಮಾಲೀಕ ಸುಖದೇವ. ಅವನ ಮುತ್ತಜ್ಜನ ಕಾಲಕ್ಕೆ ನಮ್ಮ ದೇಶದ ಉತ್ತರದ ಕಡೆಯಿಂದ ಕಬ್ಬಿನ ತೋಟದ ಕರಾರಿನ ಕೂಲಿಗೆ ಹೋದ ಮನೆತನ. ಈಗ ಗದ್ದೆ ಇದೆ, ಗಿರಣಿ ಇದೆ, ಪಟ್ಟಣದಲ್ಲಿ ಪಾಲುದಾರರಾದ ಇಬ್ಬರು ಅಣ್ಣಂದಿರಿದ್ದಾರೆ. ಮನೆ ಕಂಬಗಳ ಮೇಲೆ ನಿಂತಿದೆ, ಕೆಳಗೆ ತೂಗುಮಂಚ. ಮುಂದೆ ಬಿದಿರಿನ ಗಳುಗಳಿಗೆ ಕೆಂಪು, ಹಳದಿ ಬಟ್ಟೆಯ ನಿಶಾನಿ ಕಟ್ಟಿದ್ದರು. ಪ್ರತಿ ಪೂಜೆಗೊಂದರಂತೆ ನೆಡುತ್ತಾರಂತೆ.

“ನಮ್ಮ ದರ್ಗಾದಾಗೂ ಹಿಂಗ ಕಟ್ತಾರ ನೋಡ,” ಎಂದ ಖಾದರ. “ದೇವರು ಬ್ಯಾರೆ, ಬಟ್ಟಿ ಒಂದ.”

ಮೊದಲ ದಿನ ಊಟಕ್ಕೆ ಬೇಳೆ ತುಂಬಿದ ದೊಡ್ಡ ರೊಟ್ಟಿ ಬಡಿಸಿದರು. ನಾನು ಹೋಳಿಗೆ ಎಂದು ಆಸೆಯಿಂದ ಬಾಯಿಗಿಟ್ಟೆ. ಬೆಲ್ಲವೇ ಇಲ್ಲ, ಬೆಳ್ಳುಳ್ಳಿ! ಎದುರಿಗೆ ಕೂತಿದ್ದ ಮುದುಕಿ ನನ್ನ ಮುಖ ನೋಡಿ ನಕ್ಕಳು. ಆಕೆ ಸುಖದೇವನ ಅಜ್ಜಿ. ಎಲ್ಲರೂ ಆಜಿ ಎನ್ನುತ್ತಿದ್ದರು, ನಾವೂ ಅಂದೆವು. ಹತ್ತು ವರ್ಷದ ಹುಡುಗಿಯಾಗಿ ಹಡಗು ಹತ್ತಿ ಬಂದವಳು. ಬೆನ್ನು ಬಾಗಿತ್ತು, ಕಣ್ಣು ಮಾತ್ರ ನಾನು ನೆಲದ ಮಟ್ಟ ನೋಡುವ ರಸಮಟ್ಟದ ಗುಳ್ಳೆಯಂತೆ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅವರು ಉಣ್ಣುವುದು ಭತ್ತ ಕುದಿಸಿ ಮಾಡಿದ ಅಕ್ಕಿ. ಕುದಿಸಿದ ಭತ್ತ ಒಣಗಿಸಲು ಸಿಮೆಂಟಿನ ದೊಡ್ಡ ಅಂಗಳ ಬೇಕು. ಅಲ್ಲಿ ದಿನಾ ಮಧ್ಯಾಹ್ನ ಮಳೆ, ಮಳೆ ನಿಂತ ಕೂಡಲೇ ಬಿಸಿಲು. ಹಾಗಾಗಿ ಅಂಗಳ ಎತ್ತರದಲ್ಲಿರಬೇಕು, ನೀರು ನಿಲ್ಲಬಾರದು, ಗಾಳಿ ಬರಬೇಕು. ನಾನು ಎರಡು ದಿನ ಸುತ್ತಾಡಿ ಜಾಗ ಆರಿಸಿದೆ. ಗಿರಣಿಯ ಹಿಂದೆ ಕೈಬಿಟ್ಟ ಕೋಕೋ ತೋಟವೊಂದು ಕಾಡಾಗಿ ಬೆಳೆದಿತ್ತು. ಅದರ ಅಂಚಿನ ದಿಬ್ಬವೇ ಸರಿ ಎಂದೆ. ಸುಖದೇವ ತಲೆಯಾಡಿಸಿ, “ಕಡಿಯೋವ್ರಿಗೆ ಸೋಮವಾರ ಬರ್ರಿ ಅಂತ ಹೇಳ್ತೇನಿ ಮಿಸ್ತ್ರಿ,” ಎಂದ. ಆಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಹಗ್ಗ ಹಿಡಿದ ದಿನ

ಗುರುವಾರ ಖಾದರನೂ ನಾನೂ ಹಗ್ಗ, ಗೂಟ ಹಿಡಿದು ದಿಬ್ಬದೊಳಗೆ ನುಗ್ಗಿದೆವು. ನಮ್ಮ ಕಡೆಯ ಕಾಡಿನಂತೆ ಅಲ್ಲಿ ಬೇಸಿಗೆ, ಮಳೆಗಾಲ ಎಂಬ ಭೇದ ಕಾಣಲಿಲ್ಲ. ಎಲೆ ಚಿಗುರುವುದೂ ಉದುರುವುದೂ ಒಂದೇ ದಿನ, ಒಂದೇ ಗಿಡದಲ್ಲಿ. ಕಾಲ ಕೆಳಗೆ ಎಲೆಗಳ ಹಾಸು ಪಾದ ಮುಚ್ಚುವಷ್ಟಿತ್ತು. ಎಷ್ಟು ಹುಡುಕಿದರೂ ಮಣ್ಣು ಕಾಣದು.

ಬಳ್ಳಿಯೊಂದನ್ನು ಸರಿಸಿದೆ. ಎದುರಿಗೆ ಬರಿ ಮಣ್ಣು. ದುಂಡಗೆ, ಒಂದು ಮೊರದಷ್ಟಗಲ. ಅದರಲ್ಲಿ ಒಂದೇ ಒಂದು ಎಲೆ ಇಲ್ಲ, ಕಡ್ಡಿ ಇಲ್ಲ, ಹುಲ್ಲಿನ ಎಸಳಿಲ್ಲ. ಸುತ್ತ ಕಿರುಬೆರಳು ದಪ್ಪದ ಮೂರು ನೆಟ್ಟನೆಯ ಸಸಿಗಳು, ಅವುಗಳ ತೊಗಟೆ ಕೈಯಾಡಿ ಕೈಯಾಡಿ ನುಣುಪಾದ ನೊಗದಂತೆ ಹೊಳೆಯುತ್ತಿತ್ತು.

ನಾನು ನನಗೆ ತಿಳಿಯದಂತೆಯೇ ಚಪ್ಪಲಿ ಬಿಟ್ಟಿದ್ದೆ. ನಮ್ಮಲ್ಲಿ ಕಣಕ್ಕೆ ಮೆಟ್ಟಿಕೊಂಡು ಕಾಲಿಡುವುದುಂಟೇ? ಹುಲ್ಲು ಕೆತ್ತಿ, ನೀರು ಹೊಡೆದು, ಬಡಿದು, ಸಗಣಿ ಸಾರಿಸಿದ ಕಣ ಯಾರದೇ ಇರಲಿ, ವೈರಿಯದೇ ಇರಲಿ, ಅಂಚಿನಲ್ಲಿ ಚಪ್ಪಲಿ ಬಿಡಲೇಬೇಕು.

“ಇಲ್ಲೆ ಯಾಕ ಕಾಲ್ಮರಿ ಬಿಟ್ಟಿ?” ಎಂದ ಖಾದರ. “ಜಿಗಳಿ ಅದಾವು.”

“ಯಾರೋ ಕಣ ಮಾಡ್ಯಾರೋ.”

“ಕಾಡಿನಾಗ? ಯಾರ ರಾಶಿ ಮಾಡಾಕ? ಇರಿವೀದಾ?”

ಅವನು ನಕ್ಕ. ನಾನು ನಾಲ್ಕು ಹೆಜ್ಜೆ ಮುಂದೆ ಹೋದೆ, ಇನ್ನೊಂದು ಕಣ. ಅದರಾಚೆ ಮತ್ತೊಂದು. ಒಟ್ಟು ಏಳು ಸಿಕ್ಕವು, ಊರ ಹೊರಗೆ ಅಕ್ಕಪಕ್ಕದ ರೈತರು ಮಾಡಿಕೊಂಡ ಹಾಗೆ. ಖಾದರನ ನಗು ನಿಂತಿತು. ಗೂಟ ಬಡಿದು ಹಗ್ಗ ಎಳೆದಾಗ ಏಳೂ ಅದರ ಒಳಗಿದ್ದವು.

ಆಜಿಯ ಹಿಂದೆ

ಸಂಜೆ ಆಜಿಯನ್ನು ಕೇಳಿದೆ, “ಆಜಿ, ಆ ದಿಬ್ಬದಾಗ ಕಣಾ ಮಾಡಿದವರು ಯಾರ್ರಿ?”

ಆಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ತುಳದ್ಯೇನು?”

“ಇಲ್ಲರಿ. ಕಾಲ್ಮರಿ ಬಿಟ್ಟು ನಿಂತೆ.”

“ಹಂಗಾರ ನಾಳೆ ಬಾ. ಇಂಜಿನ್ ಸಾಹೇಬನ್ನೂ ಕರಕೊಂಡ ಬಾ. ಬೀಡಿ ಸೇದಬ್ಯಾಡ ಅಂತ ಹೇಳು.”

ಶುಕ್ರವಾರ ಮುಂಜಾನೆ ಆಜಿ ಕೋಲೂರಿಕೊಂಡು ಮುಂದೆ ನಡೆದಳು. ಒಂದು ಬಿದ್ದ ಮರದ ಹಿಂದೆ ನಮ್ಮನ್ನು ಕೂರಿಸಿದಳು. ಸೊಳ್ಳೆ ಕಡಿಯುತ್ತಿದ್ದವು, ಹೊಡೆಯುವಂತಿಲ್ಲ. ಬಹಳ ಹೊತ್ತಿನ ಮೇಲೆ ಅದು ಬಂತು.

ನಮ್ಮ ಮನೆಯ ಗುಬ್ಬಿಗಿಂತ ಸಣ್ಣದು, ದುಂಡಗೆ. ನೆತ್ತಿ, ಬೆನ್ನು, ರೆಕ್ಕೆ ಕಡುಗಪ್ಪು. ಕೊರಳು, ಹೊಟ್ಟೆ ಬೆಳ್ಳಗೆ. ಕಾಲು ಕಿತ್ತಳೆ ಬಣ್ಣ. ಕಣದ ಮೇಲೆ ಒಂದು ಎಲೆ ಬಿದ್ದಿತ್ತು. ಹಕ್ಕಿಗಿಂತ ಎಲೆಯೇ ದೊಡ್ಡದು. ಅದನ್ನು ಕೊಕ್ಕಿನಲ್ಲಿ ಕಚ್ಚಿ ಎಳೆಯಿತು, ಎಡವಿತು, ಮತ್ತೆ ಕಚ್ಚಿತು. ಎತ್ತಿಕೊಂಡು ಕಣದ ಆಚೆಗೆ ಹಾರಿಹೋಗಿ ಹಾಕಿ ಬಂತು. ಅಂಚಿನಲ್ಲಿ ಬಿಡಲಿಲ್ಲ, ಆಚೆಗೆ ಹೋಗಿಯೇ ಹಾಕಿತು. ಮೇಲಿಂದ ಇನ್ನೂ ಮೂರು ಎಲೆ ಉದುರಿದವು, ಅವನ್ನೂ ಹಾಗೇ ಹಾಕಿತು. ಆಮೇಲೆ ಸಸಿಯೊಂದರ ಮೇಲೆ ಅಡ್ಡಲಾಗಿ ಕೂತು, ಗಂಟಲ ಕೆಳಗಿನ ಬಿಳಿ ಗರಿಗಳನ್ನು ಕೊಕ್ಕಿನಿಂದಾಚೆಗೆ ಗಡ್ಡದಂತೆ ಉಬ್ಬಿಸಿತು.

ಚಟ್!

ನಾನು ಬೆಚ್ಚಿಬಿದ್ದೆ. ಪಟಾಕಿ ಹಾರಿದಂಥ ಸಪ್ಪಳ. ಹಕ್ಕಿ ಆ ಸಸಿಯ ಮೇಲಿರಲಿಲ್ಲ, ಎದುರಿನ ಸಸಿಯಲ್ಲಿತ್ತು. ಹಾರಿದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಚಟ್, ಚಟ್, ಈ ಸಸಿಯಿಂದ ಆ ಸಸಿಗೆ, ಅಲ್ಲಿಂದ ನೆಲಕ್ಕೆ, ನೆಲ ಮುಟ್ಟುತ್ತಲೇ ಪುಟಿದು ಮೇಲಕ್ಕೆ, ಮೇಲಿಂದ ಸಸಿಯ ಗುಂಟ ಸರ್ರನೆ ಜಾರಿ ಕೆಳಕ್ಕೆ. ಆ ಸಪ್ಪಳ ಬಾಯಿಯದಲ್ಲ, ರೆಕ್ಕೆಯದು ಎಂದು ಆಜಿ ಸನ್ನೆಯಲ್ಲಿ ತೋರಿಸಿದಳು. ಅಷ್ಟರಲ್ಲಿ ಮೇಲೊಂದು ಹಸಿರು ಹಕ್ಕಿ ಬಂದು ಕೂತಿತು, ಹೆಣ್ಣು. ತಗೊಳ್ಳಿ, ಏಳೂ ಕಣಗಳಲ್ಲಿ ಏಳು ಗಂಡುಗಳು ಒಮ್ಮೆಲೇ ಶುರು. ಇಡೀ ದಿಬ್ಬವೇ ಹುರಿಯುವ ಬಾಣಲೆಯಾಯಿತು. ಯಾವುದೂ ಇನ್ನೊಂದರ ಕಣಕ್ಕೆ ಕಾಲಿಡಲಿಲ್ಲ.

ನನ್ನ ಮೈಮೇಲೆ ಮುಳ್ಳೆದ್ದವು. ಮೂವತ್ತು ಸುಗ್ಗಿ ನಮ್ಮ ಹೊಲದ ಕಣ ಸಾರಿಸಿದವನು ನಾನು. ವರ್ಷಕ್ಕೊಮ್ಮೆ ಸಾರಿಸಿ ಸೊಂಟ ಹಿಡಿದುಕೊಂಡು ನರಳುವವರು ನಾವು. ಎಲೆ ಉದುರುವುದು ಎಂದೂ ನಿಲ್ಲದ ಕಾಡಿನಲ್ಲಿ ಹಿಡಿಯಷ್ಟು ಜೀವ ದಿನಾ ಕಣ ಹಸನು ಮಾಡುತ್ತದೆ, ವರ್ಷಗಟ್ಟಲೆ, ಅದೇ ಜಾಗದಲ್ಲಿ. ಖಾದರ ಬಾಯಿ ತೆರೆದು ಕೂತಿದ್ದ. ಕೊನೆಗೆ ಮೆಲ್ಲಗೆ, “ಸುಬ್ಹಾನಲ್ಲಾ,” ಎಂದ.

ದಾರಿಯಲ್ಲಿ ಆಜಿ ಹೇಳಿದಳು, “ಊರ ಮಂದಿ ಇದಕ್ಕ ಕಾಯಿ ಒಡಿಯೋ ಹಕ್ಕಿ ಅಂತಾರ. ಸಪ್ಪಳ ಹಂಗ ಐತಲ್ಲ. ಮೊಮ್ಮಗಗ ಹೇಳೇನಿ, ಕಡಿಯೋಕಿಂತ ಮೊದಲ ಒಂದ ಸಲ ಬಂದು ನೋಡು ಅಂತ. ರವಿವಾರ ಬರ್ತೇನಿ ಅಂದಾನ. ಹುಟ್ಟಿದಾಗಿಂದ ಇಲ್ಲೆ ಅದಾನ, ಒಂದ ಸಲನೂ ಗಿರಣಿ ಹಿಂದಕ ಬಂದು ನೋಡಿಲ್ಲ.”

“ನೋಡಿದ ಮ್ಯಾಲೂ ಕಡೀರಿ ಅಂದ್ರ?”

“ಹಂಗಾರ ಕಡೀತಾರ,” ಎಂದಳು ಆಜಿ. “ಗೂಟ ಬಡದಾವ ನೀನ ಅಲ್ಲೇನಪಾ?”

ನಾನು ಮಾಡಿದ ಕೆಲಸ

ಶನಿವಾರ ನನಗೆ ಅನ್ನ ರುಚಿಸಲಿಲ್ಲ. ನನ್ನ ಕೈಯ ಗೂಟಗಳು ಅಲ್ಲಿ ನಿಂತಿದ್ದವು. ಏನು ಮಾಡಲಿ? ಆಗ ಹೊಳೆಯಿತು. ಕಣ ಇದೆ, ಕಣದಲ್ಲಿ ಬೆನಕನಿಲ್ಲ! ನಮ್ಮಲ್ಲಿ ಸಗಣಿಯ ಮುದ್ದೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನಕಪ್ಪನೆಂದು ಇಡದೆ ರಾಶಿ ಮುಟ್ಟುತ್ತೇವೆಯೇ? ಅವನಿದ್ದರೆ ಕಣಕ್ಕೆ ಕೇಡಿಲ್ಲ.

ಸಂಜೆ ಹಕ್ಕಿ ಇಲ್ಲದ ಹೊತ್ತು ನೋಡಿ, ಒಳ್ಳೆಯ ಜಿಗುಟು ಮಣ್ಣು ಕಲಸಿ, ನಿಂಬೆಹಣ್ಣಿನ ಗಾತ್ರದ ಬೆನಕ ಮಾಡಿದೆ. ಗರಿಕೆಯಂಥ ಹುಲ್ಲು ಮೂರೆಸಳು ಸಿಕ್ಕಿಸಿ ಮೊದಲ ಕಣದ ಸರಿ ಮಧ್ಯದಲ್ಲಿಟ್ಟೆ. ಮಧ್ಯ ಎಂದರೆ ಮಧ್ಯ, ಅಳೆದು ಇಟ್ಟೆ.

“ಬ್ಯಾಡೋ ಬಸಣ್ಣ,” ಎಂದ ಖಾದರ. “ಅದು ಕೇಳೇತೇನು ನಿನಗ?”

“ಕೇಳಬೇಕೇನು? ಒಳ್ಳೇದ ಮಾಡಾಕತ್ತೇನಿ.”

ಕೈಮುಗಿದು ಬಂದೆ. ಅಂದು ರಾತ್ರಿ ಸುಖವಾಗಿ ನಿದ್ದೆ ಬಂತು.

ಸುಖದೇವ ಬಂದ ಬೆಳಗು

ರವಿವಾರ ಸುಖದೇವ ದೊಡ್ಡ ಬೂಟು ಹಾಕಿಕೊಂಡು ಬಂದ. ಅಂಚಿಗೆ ಬಂದಾಗ ಆಜಿ, “ಬೂಟು ಬಿಡು,” ಎಂದಳು. ಅವನು ಗೊಣಗುತ್ತ ಬಿಚ್ಚಿದ. ಬಿದ್ದ ಮರದ ಹಿಂದೆ ನಾಲ್ವರೂ ಕೂತೆವು.

ನಾನು ಕಣದ ಕಡೆ ನೋಡಿದೆ. ಗರಿಕೆಯ ಎಸಳುಗಳು ಕಿತ್ತು ದೂರ ಬಿದ್ದಿದ್ದವು. ಮಣ್ಣಿನ ಮುದ್ದೆ ಮಾತ್ರ ನಡುವೆ ಹಾಗೇ ಇತ್ತು, ಸುತ್ತ ಕೊಕ್ಕಿನಿಂದ ಕುಟ್ಟಿದ ಗುರುತು. ರಾತ್ರಿಯ ಎಲೆಗಳು ಬಿದ್ದಲ್ಲೇ ಬಿದ್ದಿದ್ದವು. ಹಕ್ಕಿ ಎಲ್ಲೋ ಮೇಲೆ ಮುದುಡಿ ಕೂತಿತ್ತು, ಇಳಿಯಲೊಲ್ಲದು. ಅಕ್ಕಪಕ್ಕದ ಕಣಗಳೂ ಸುಮ್ಮನಿದ್ದವು.

“ಅದನ್ನ ಯಾರ ಇಟ್ಟರು?” ಎಂದಳು ಆಜಿ.

“ನಾನ ರೀ ಆಜಿ,” ಎಂದೆ. “ನಮ್ಮ ಕಡೆ ಕಣಕ್ಕ ಇಡ್ತೇವಿರಿ. ಕಣಾ ಉಳೀಲಿ ಅಂತ ಇಟ್ಟೆ.”

ಆಜಿ ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ಅದು ನಿನ್ನ ಕಣಾ ಏನಪಾ?” ಎಂದಷ್ಟೇ ಕೇಳಿದಳು. ನಾನು ಅಂಬೆಗಾಲಿಕ್ಕಿ ಹೋಗಿ, ಕೈ ಚಾಚಿ, ಬೆನಕನನ್ನು ಎತ್ತಿಕೊಂಡೆ. ಮಣ್ಣಿನ ಚೂರುಗಳು ಉಳಿದವು, ಆರಿಸಲು ಹೋದರೆ ಕಣ ಕೆದರಬೇಕು. ಹಾಗೇ ಹಿಂದೆ ಸರಿದೆ. ಮಡಿಲಲ್ಲಿ ದೇವರನ್ನಿಟ್ಟುಕೊಂಡು, ಮೊಣಕಾಲು ಕೆಸರಾಗಿ, ಕಳ್ಳನಂತೆ ಕೂತೆ. ಬಸಣ್ಣನ ಅಳತೆಯಂತೆ, ಅಳತೆ!

ಹೊತ್ತಾಯಿತು. ಸುಖದೇವ ಗಡಿಯಾರ ನೋಡಿದ. “ಆಜಿ, ಹಕ್ಕಿ ಇಲ್ಲ, ಏನಿಲ್ಲ. ನಾಳೆ ಮಂದಿ ಬರ್ತಾರ.”

“ಕುಂದ್ರು,” ಎಂದಳು ಆಜಿ.

ಇನ್ನೂ ಅಷ್ಟು ಹೊತ್ತಾಯಿತು. ಇರುವೆಗಳು ಸುಖದೇವನ ಪಾದ ಕಡಿಯುತ್ತಿದ್ದವು. ಅವನು ಎದ್ದು ಬೂಟಿಗೆ ಕೈ ಹಾಕಿದ. ಆಗ ಹಕ್ಕಿ ಕೆಳಗಿನ ಕೊಂಬೆಗೆ ಇಳಿಯಿತು. ಆಜಿ ಮೊಮ್ಮಗನ ತೋಳು ಹಿಡಿದು ಕೂರಿಸಿದಳು.

ಹಕ್ಕಿ ನೆಲಕ್ಕೆ ಬಂತು. ಕತ್ತು ಓರೆ ಮಾಡಿ ನಡುವನ್ನು ನೋಡಿತು. ನಾನು ಉಳಿಸಿದ ಮಣ್ಣಿನ ಚೂರೊಂದನ್ನು ಕಚ್ಚಿ ಹಾರಿತು, ಆಚೆಗೆ ಹಾಕಿ ಬಂತು. ಇನ್ನೊಂದು. ಮತ್ತೊಂದು. ಒಂದು ಚೂರು ಜಾರಿ ಬಿತ್ತು, ಮರಳಿ ಬಂದು ಅದನ್ನೇ ಎತ್ತಿತು. ಆಮೇಲೆ ರಾತ್ರಿಯ ಎಲೆಗಳು, ಒಂದೊಂದಾಗಿ. ನನ್ನ ತಪ್ಪನ್ನು ನನ್ನ ಕಣ್ಣೆದುರಿಗೇ ಅದು ಹೊತ್ತು ಹಾಕುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಆಜಿ ಹಕ್ಕಿಯಿಂದ ಕಣ್ಣು ತೆಗೆಯದೆ ಮೊಮ್ಮಗನಿಗೆ ಮೆಲ್ಲಗೆ ಹೇಳುತ್ತಿದ್ದಳು. “ಹನ್ನೊಂದು ವರ್ಷದಾಕಿ ಇದ್ದಾಗ ನನ್ನ ಕೈಯಾಗ ಕಸಬರಿಗಿ ಕೊಟ್ಟರು. ಕಬ್ಬಿನ ತೋಟದ ಸಾಹೇಬನ ಅಂಗಳಾ ಹಸನ ಮಾಡ್ತಿದ್ದೆ. ನಾವು ಕೂಲಿ ಮಂದಿ ಇದ್ದ ಸಾಲುಮನಿಗೆ ಅಂಗಳಾನ ಇರಲಿಲ್ಲ. ಒಂದಿನ ಅಳಕೋತ ಇಲ್ಲಿಗೆ ಬಂದು ಕುಂತಾಗ ಇದನ್ನ ನೋಡಿದೆ. ಇದೂ ಕಸಾ ತಗಿಯಾಕತ್ತಿತ್ತು. ಆದರ ತನ್ನ ಅಂಗಳದ್ದು. ನನಗೂ ಒಂದು ಅಂಗಳಾ ಬೇಕು ಅಂತ ಅವತ್ತ ಅನಿಸಿತು. ಈ ಮನಿ ಕಟ್ಟಿದ್ದು ಅದಕ್ಕ, ಸುಖೂ.”

ಕಣ ಹಸನಾಗಿತ್ತು. ಹಕ್ಕಿ ಸಸಿ ಹತ್ತಿ ಗಡ್ಡ ಉಬ್ಬಿಸಿತು.

ಚಟ್!

ಸುಖದೇವನೂ ನನ್ನಂತೆಯೇ ಬೆಚ್ಚಿದ. ಒಂದು ಕ್ಷಣ ಬಿಟ್ಟು ಪಕ್ಕದ ಕಣದಿಂದ ಉತ್ತರ ಬಂತು, ಅದರಾಚೆಯದರಿಂದ, ಏಳೂ ಕಡೆಯಿಂದ. ಅವನು ಇರುವೆ ಕೊಡವುವುದನ್ನೂ ಮರೆತು ಕೂತ. ಸಪ್ಪಳ ನಿಂತ ಮೇಲೂ ಬಹಳ ಹೊತ್ತು ಏಳಲಿಲ್ಲ.

“ಅಣ್ಣಂದಿರಿಗೆ ಏನಂತ ಹೇಳ್ಲಿ?” ಎಂದ ಕೊನೆಗೆ. “ಹಕ್ಕಿ ಸಲುವಾಗಿ ಅಂಗಳಾ ಸರಿಸಿದೆ ಅಂದ್ರ ಪ್ಯಾಟಿ ಮಂದಿಯೆಲ್ಲ ನಗತಾರ. ಅವರು ಒಪ್ಪೂದಿಲ್ಲ.”

ನನ್ನ ಮಡಿಲಲ್ಲಿ ಬೆನಕನಿದ್ದ. ನಾನು ಹೇಳಿದೆ, “ಮಿಸ್ತ್ರಿ ಅಳತಿ ತಪ್ಪಿದ ಅಂತ ಹೇಳ್ರಿ. ದಿಬ್ಬದ ಮಟ್ಟ ಸರಿ ಇಲ್ಲ, ನೀರು ಗಿರಣಿಗೆ ಬರತೈತಿ ಅಂತ. ನಾನ ಬರದು ಸಹಿ ಮಾಡಿ ಕೊಡ್ತೇನಿ.”

ಖಾದರ ನನ್ನ ಮುಖ ನೋಡಿದ. ನನ್ನ ಮಟ್ಟ ಎಂದೂ ತಪ್ಪಿಲ್ಲವೆಂದು ಅವನಷ್ಟು ಬಲ್ಲವರು ಯಾರೂ ಇಲ್ಲ. ಆದರೆ ಸುಮ್ಮನೆ ಎದ್ದು ಗೂಟ ಕೀಳಲು ಹೋದ. ಆ ಮಧ್ಯಾಹ್ನ ಕಾಗದ ಬರೆದು ಸಹಿ ಹಾಕಿದೆ. ಅಂಗಳವನ್ನು ಗಿರಣಿಯ ಮುಂದಿನ ತಗ್ಗಿನಲ್ಲಿ ಕಲ್ಲು ತುಂಬಿ ಕಟ್ಟಿದೆವು. ಅಲ್ಲಿ ಸಂಜೆ ಬೇಗ ನೆರಳು ಬರುತ್ತದೆ, ಭತ್ತ ಒಣಗಲು ಒಂದು ದಿನ ಹೆಚ್ಚು ಬೇಕು.

ಅಕ್ಕಿಆಲೂರು

ನಾವು ಊರು ಮುಟ್ಟುವ ಮೊದಲೇ ನನ್ನ ತಪ್ಪಿನ ಸುದ್ದಿ ಸುಖದೇವನ ಅಣ್ಣಂದಿರಿಂದ ಮುಂಬಯಿಯ ಮೂಲಕ ಮುಟ್ಟಿತ್ತು. ಗಿರಣಿಯ ಕಟ್ಟೆಯ ಮೇಲೆ ನಾಲ್ಕಾರು ರೈತರು ಕೂತಿದ್ದರು. ಸಾವಕಾರರು ಕನ್ನಡಕ ಏರಿಸಿ ವ್ಯಾಪಾರಿಯ ಕಾಗದ ಓದಿದರು. ಇಂಥ ಮಿಸ್ತ್ರಿಯನ್ನು ಇನ್ನು ಮುಂದೆ ಕಳಿಸಬೇಡಿ ಎಂದು ಬರೆದಿತ್ತು.

“ಬಸಣ್ಣ, ನೀ ಅಳತಿ ತಪ್ಪಿದ್ಯಾ?”

“ಹೌದ್ರಿ ಸಾವಕಾರ್ರ. ತಪ್ಪಿದೆ.”

ಅವರು ನಂಬಲಿಲ್ಲ. ಮೂಲೆಯಲ್ಲಿ ಎಂಜಿನ್ ಒರೆಸುತ್ತಿದ್ದವನ ಕಡೆಗೆ ತಿರುಗಿದರು. “ಖಾದರ, ನೀನೂ ಅಲ್ಲೆ ಇದ್ದೆಲ್ಲ. ಇಂವಾ ತಪ್ಪಿದ್ದು ಖರೇನಾ?”

ಖಾದರ ಕೈಯ ಎಣ್ಣೆ ಅರಿವೆಗೆ ಒರೆಸಿಕೊಂಡ. ನನ್ನನ್ನು ನೋಡಲಿಲ್ಲ.

“ಖರೇ ರೀ ಸಾವಕಾರ್ರ. ನಾ ಕಣ್ಣಾರೆ ನೋಡೇನಿ,” ಎಂದ. “ಆದರ ಭಾಳೇನ ಅಲ್ಲರಿ. ಒಂದ ಮೊರದಷ್ಟ.”

ರೈತರು ನಕ್ಕರು. ಸಾವಕಾರರು ಕಾಗದ ಮಡಿಚಿಟ್ಟರು, ನಾನು ಗಿರಣಿಯ ಚಕ್ರಕ್ಕೆ ಬೆಲ್ಟು ಏರಿಸಲು ಎದ್ದೆ.